ಸ್ವಾತಿ ಮಳೆಗೆ ಸೋರುತ್ತಿದ್ದ ಮನೆ

ದೇವನಹಳ್ಳಿ ಹತ್ತಿರದ ಆವತಿಯಿಂದ ಎರಡು ಮೈಲಿ ಒಳಗಿದ್ದ ನಮ್ಮೂರಿನಲ್ಲಿ ನಮ್ಮದು ಅರ್ಧ ಮನೆ. ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಇದ್ದ ಒಂದೇ ಹೆಂಚಿನ ಮನೆಯನ್ನು, ಅಪ್ಪ ಮತ್ತು ದೊಡ್ಡಪ್ಪ ಭಾಗವಾದಾಗ, ನಡುಮನೆಯ ಮಧ್ಯಕ್ಕೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದರು. ಪಡುವಲ ಕಡೆಯ ಅರ್ಧ ತಲೆಬಾಗಿಲ ಸಮೇತ ದೊಡ್ಡಪ್ಪನಿಗೆ ಹೋಯಿತು, ಮೂಡಲ ಕಡೆಯ ಅರ್ಧ ಅಡುಗೆಮನೆ, ಬಚ್ಚಲ ಸಮೇತ ನಮಗೆ ಬಂತು. ಅದರಿಂದ ಕೆಲವು ದಿನ ಅವರಿಗೆ ಅನ್ನ ಬೇಯಿಸಲು ಒಲೆ ಇರಲಿಲ್ಲ, ನಮಗೆ ಒಳಗೆ ಹೋಗಲು ಬಾಗಿಲಿರಲಿಲ್ಲ. ಅಪ್ಪ ಕಿಟಕಿಯೊಂದನ್ನು ಕಿತ್ತು ಬಾಗಿಲು ಕೂರಿಸುವವರೆಗೆ ನಾವು ಹಿತ್ತಲಿನಿಂದಲೇ ಓಡಾಡಿದೆವು. ನಡುವಿನ ಗೋಡೆಯನ್ನು ಕಟ್ಟಿದ್ದು ಒಂದೇ ವಾರದಲ್ಲಿ, ಅದೂ ಸಿಟ್ಟಿನಲ್ಲಿ. ಹಸಿ ಇಟ್ಟಿಗೆ, ಕಲಸಿದ ಮಣ್ಣು, ಅಷ್ಟೇ. ಅದು ಹೆಂಚನ್ನು ಸೀಳಿಕೊಂಡು ಮೇಲಕ್ಕೆ ಇನ್ನೂ ಎರಡಡಿ ಎದ್ದಿತ್ತು. ಅಷ್ಟೆತ್ತರ ಯಾಕೆಂದರೆ ಒಬ್ಬರ ಬೆಕ್ಕು ಇನ್ನೊಬ್ಬರ ಸೂರಿಗೆ ದಾಟಬಾರದಂತೆ. ಬೆಕ್ಕು ದಿನಾ ದಾಟುತ್ತಿತ್ತು. ಭಾಗ ಮಾಡಿಕೊಟ್ಟ ಊರ ಹಿರಿಯರು ಒಂದು ಮಾತು ಹಾಕಿದ್ದರು: ಗೋಡೆ ಇಬ್ಬರದೂ, ಒಬ್ಬರನ್ನು ಕೇಳದೆ ಇನ್ನೊಬ್ಬರು ಅದನ್ನು ಮುಟ್ಟುವ ಹಾಗಿಲ್ಲ. ಕೇಳುವುದು ಹೇಗೆ? ಅಣ್ಣ ತಮ್ಮ ಮಾತು ಬಿಟ್ಟಾಗಿತ್ತು. ಒಳಗಡೆ ಇಬ್ಬರೂ ತಮ್ಮ ತಮ್ಮ ಮಗ್ಗುಲಿಗೆ ಸುಣ್ಣ ಬಳಿದುಕೊಂಡರು. ಹೆಂಚಿನ ಮೇಲಿನ ಎರಡಡಿ ಮಾತ್ರ ಬರಿ ಮಣ್ಣಾಗಿಯೇ ಉಳಿಯಿತು.

ಎರಡೂ ಕಡೆಗೆ ಸಲ್ಲುತ್ತಿದ್ದವಳು ಅಜ್ಜಿ ಒಬ್ಬಳೇ. ಅವಳನ್ನೂ ಭಾಗ ಮಾಡಿಕೊಂಡಿದ್ದರು, ತಿಂಗಳು ಅಲ್ಲಿ, ತಿಂಗಳು ಇಲ್ಲಿ. ಅಮಾವಾಸ್ಯೆಯ ದಿನ ಕಂಬಳಿ, ಎಲೆ ಅಡಿಕೆ ಚೀಲ, ಕುಟ್ಟಾಣಿ ಹಿಡಿದು ಒಂದು ಬಾಗಿಲಿನಿಂದ ಹೊರಟು ಬೀದಿಯಲ್ಲಿ ಹತ್ತು ಹೆಜ್ಜೆ ನಡೆದು ಇನ್ನೊಂದು ಬಾಗಿಲಲ್ಲಿ ಒಳಗೆ ಬರುತ್ತಿದ್ದಳು. ಬಂದವಳು ದೂರದ ಊರಿಂದ ಬಂದ ಹಾಗೆ ಕಾಲು ತೊಳೆದುಕೊಂಡು, ನನ್ನ ಕೆನ್ನೆ ಸವರಿ, "ಎಷ್ಟುದ್ದ ಆಗ್ಬಿಟ್ಟಿದೀಯೇ ರತ್ನಿ" ಎನ್ನುತ್ತಿದ್ದಳು. ಹಿಂದಿನ ದಿನವಷ್ಟೇ ಬೀದಿಯಲ್ಲಿ ನನ್ನನ್ನು ನೋಡಿರುತ್ತಿದ್ದಳು. ಅಲ್ಲಿ ಏನು ಉಂಡಳು, ಏನು ಮಾತಾಯಿತು, ಯಾರು ಬಂದರು, ಇದೊಂದನ್ನೂ ಬಾಯಿಬಿಡುತ್ತಿರಲಿಲ್ಲ. ಆ ಮನೆ ಸುದ್ದಿ ಈ ಮನೆಗೆ, ಈ ಮನೆ ಸುದ್ದಿ ಆ ಮನೆಗೆ ತರಕೂಡದೆಂದು ಇಬ್ಬರು ಮಕ್ಕಳೂ ತಾಯಿಗೆ ಕಟ್ಟಪ್ಪಣೆ ಮಾಡಿದ್ದರು. ಅಜ್ಜಿ ಅದನ್ನು ದೇವರ ಹರಕೆಯಂತೆ ನಡೆಸಿಕೊಂಡು ಬಂದಿದ್ದಳು. ಒಮ್ಮೆ ನಮ್ಮ ಮನೆಯಲ್ಲಿ ಉಪ್ಸಾರು ಮುದ್ದೆ ಉಣ್ಣುತ್ತಾ, "ನಿಮ್ ದೊಡ್ಡಮ್ಮ ಖಾರ ಇದಕ್ಕಿಂತ..." ಎಂದು ಶುರುಮಾಡಿ ಅಲ್ಲೇ ತುತ್ತು ನುಂಗಿ ಸುಮ್ಮನಾಗಿದ್ದಳು. ಹೆಚ್ಚೋ ಕಡಿಮೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇಂಥ ಮನೆ ಸೋರುತ್ತಿತ್ತು. ಸುಮ್ಮನೆ ತೊಟ್ಟಿಕ್ಕುವುದಲ್ಲ, ಗೋಡೆಯ ಪಕ್ಕದಲ್ಲಿ ಸಾಲಾಗಿ ನಾಲ್ಕು ಕಡೆ ಧಾರೆ ಇಳಿಯುತ್ತಿತ್ತು. ಅಲ್ಲೇ ನಮ್ಮ ರಾಗಿ ವಾಡೆ ಇತ್ತು, ಆಳೆತ್ತರದ ಮಣ್ಣಿನ ವಾಡೆ, ವರ್ಷದ ಊಟವೆಲ್ಲ ಅದರೊಳಗೆ. ಮಳೆ ಬಂತೆಂದರೆ ಪಾತ್ರೆ ಇಡುವ ಕೆಲಸ ನನ್ನದು. ದೊಡ್ಡ ಧಾರೆಗೆ ಹಿತ್ತಾಳೆ ಕೊಳಗ, ಸಣ್ಣದಕ್ಕೆ ಚೊಂಬು, ವಾಡೆಯ ಮೇಲೆ ಗೋಣಿಚೀಲ. ಅಪ್ಪ ಪ್ರತಿವರ್ಷ ಭರಣಿ ಮಳೆಗೆ ಮೊದಲು ಹೆಂಚಿನ ಮುನಿಯಪ್ಪನನ್ನು ಕರೆಸುತ್ತಿದ್ದ. ಮುನಿಯಪ್ಪ ಹೆಂಚು ಕೈಯಾಡಿಸುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವನು. ಎಲ್ಲಾ ಹೆಂಚನ್ನೂ ತೆಗೆದು, ಒಡೆದದ್ದನ್ನು ಬೇರೆ ಮಾಡಿ, ಪಾಚಿ ಕೆರೆದು, ಮತ್ತೆ ಸಾಲಾಗಿ ಹೊದಿಸುತ್ತಿದ್ದ. ಆದರೆ ಆಸಾಮಿ ದಪ್ಪ. ಅವನು ಒಂದು ಸಲ ಹತ್ತಿ ಇಳಿದರೆ ಒಡೆದ ನಾಲ್ಕು ಹೆಂಚು ಬದಲಾಗಿ, ಹೊಸದಾಗಿ ಐದು ಬಿರುಕು ಬಿಡುತ್ತಿದ್ದವು. ಅವನ್ನೂ ಬದಲಾಯಿಸಿಯೇ ಹೋಗುತ್ತಿದ್ದ. ಭರಣಿಗೆ ಸೋರುತ್ತಿರಲಿಲ್ಲ, ಮುಂಗಾರಿಡೀ ಸೋರುತ್ತಿರಲಿಲ್ಲ. ಮುನಿಯಪ್ಪ ಮೀಸೆ ತಿರುವುತ್ತಿದ್ದ. ಹಿಂಗಾರು ಹಿಡಿದು ಚಿತ್ತೆ, ಸ್ವಾತಿ ಬಂದವೋ, ಕೊಳಗ ತುಂಬುತ್ತಿತ್ತು. ಅಪ್ಪನ ತೀರ್ಮಾನ ಒಂದೇ.

"ಅವನೇ ಕಣೇ. ಬಿದಿರು ಗಳ ತಗೊಂಡು ಗೋಡೆ ಪಕ್ಕದ ಹೆಂಚು ಸರಿಸ್ತಾನೆ. ನಾವು ಬಿಟ್ಟೋದ್ರೆ ಇಡೀ ಮನೆ ನುಂಗ್ಬೋದಲ್ಲ!"

ಅವನು ಅಂದರೆ ದೊಡ್ಡಪ್ಪ. ಹೊಸ ಹೆಂಚು ಹಾಕಿದ ಮೇಲೂ ಸೋರಿದರೆ ಇನ್ನಾರ ಕೈವಾಡ ಎನ್ನುವುದು ಅಪ್ಪನ ವಾದ. ಆ ವರ್ಷ, ನನಗೆ ಹನ್ನೊಂದು ತುಂಬಿದ ವರ್ಷ, ಅಪ್ಪನ ಸಹನೆ ಮುಗಿದಿತ್ತು. ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಹೇಳಿಯೇಬಿಟ್ಟ.

"ಈ ಸಲ ಸ್ವಾತೀಲಿ ಒಂದು ಹನಿ ಬಿದ್ರೂ ಸರಿ, ಈ ಮನೆ ಸಾವಾಸ ಸಾಕು. ಅವನೇ ಇಟ್ಕೊಳ್ಳಿ. ಹೊಲದ ಹತ್ರ ನಾಕು ಕಂಬ ನೆಟ್ಟು ಶೀಟ್ ಹಾಕ್ತೀನಿ, ಅಲ್ಲೇ ಇರಾಣ."

"ಅಲ್ಲಿ ನೀರಿಲ್ಲ, ನೆರೆಹೊರೆ ಇಲ್ಲ. ಇವಳ ಸ್ಕೂಲು?" ಅಮ್ಮ ಕೇಳಿದಳು.

"ಓದಿದ್ದು ಸಾಕು. ಕಾಗುಣಿತ ಬರುತ್ತಲ್ಲ."

ನಾನು ರೊಟ್ಟಿಯನ್ನು ತಟ್ಟೆಗೆ ಇಟ್ಟೆ. ನಮ್ಮ ಹೊಲ ಊರಿಂದ ಎಷ್ಟೋ ದೂರ, ನಡುವೆ ಹಳ್ಳ. ಅಲ್ಲಿಂದ ಹೆಣ್ಣುಹುಡುಗಿಯೊಬ್ಬಳನ್ನು ಶಾಲೆಗೆ ಯಾರೂ ಕಳಿಸುವವರಿರಲಿಲ್ಲ. ಅಪ್ಪ ಹೇಳಿದ್ದನ್ನು ಮಾಡುವ ಮನುಷ್ಯ. ಮರುದಿನವೇ ಕಂಬಕ್ಕೆ ಮರ ಕಡಿಸಿ ಹಿತ್ತಲಲ್ಲಿ ತಂದು ಹಾಕಿದ. ಆ ಮರದ ಮೇಲೆ ಕೂತು ನಾನು ಸದ್ದಿಲ್ಲದೆ ಅತ್ತೆ. ಅಮ್ಮ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮದುವೆಯಾಗಿ ಕಾಲಿಟ್ಟ ಮನೆಯನ್ನು ಸೋರುತ್ತದೆಂಬ ಕಾರಣಕ್ಕೆ ಬಿಟ್ಟು ಹೋಗಲು ಅವಳು ತಯಾರಿರಲಿಲ್ಲ. ದಾರಿ ಯಾವುದೆಂದು ಮಾತ್ರ ಅವಳಿಗೂ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಅಜ್ಜಿ, ಅದೂ ಬಾಯಿ ತಪ್ಪಿ. ಶ್ರಾವಣ ಕಳೆದ ಅಮಾವಾಸ್ಯೆಗೆ ಅವಳು ನಮ್ಮ ಮನೆಗೆ ಬಂದಳು. ಕಂಬಳಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಅಮ್ಮ ಅದನ್ನು ಬಿಸಿಲಿಗೆ ಹರಡುತ್ತಿದ್ದಾಗ ಅಜ್ಜಿ ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಾ ತನ್ನಷ್ಟಕ್ಕೆ ಗೊಣಗಿದಳು.

"ನನ್ ಹಣೇಬರ ನೋಡು. ಆಶ್ಲೇಷದಲ್ಲಿ ಅಲ್ಲಿ ನೆನೀಬೇಕು, ಸ್ವಾತೀಲಿ ಇಲ್ಲಿ ನೆನೀಬೇಕು."

ಅಮ್ಮನ ಕೈ ನಿಂತಿತು.

"ಅತ್ತೆ, ಅಲ್ಲೂ ಸೋರುತ್ತಾ?"

ಅಜ್ಜಿ ನಾಲಿಗೆ ಕಚ್ಚಿಕೊಂಡಳು. "ನಾನೇನೂ ಹೇಳ್ಲಿಲ್ಲ ಕಣಮ್ಮ."

"ಹೇಳಿದ್ದಾಯ್ತಲ್ಲ. ಇನ್ನೊಂದು ಹೇಳ್ಬಿಡಿ. ಹಿಂಗಾರಲ್ಲಿ ಅಲ್ಲಿ ಸೋರುತ್ತಾ, ಇಲ್ವಾ?"

"ಹಿಂಗಾರಲ್ಲಿ ಎಲ್ಲಿ ಸೋರುತ್ತೆ? ದೀಪಾವಳಿ ಅಮಾಸೆವರ್ಗೂ ಅಲ್ಲೇ ಇರ್ತೀನಲ್ಲ, ಒಂದು ಹನಿ ಬೀಳಲ್ಲ. ಇಲ್ಲಿಗೆ ಬಂದೇಟ್ಗೆ ನೆನೀತೀನಿ. ನನ್ ಸರದಿನೇ ಹಂಗೆ ಬಂದೈತೆ. ಹೋಗ್ಲಿ, ಯಾರ ಹತ್ರಾನೂ ಆಡ್ಬೇಡ."

ಅಮ್ಮ ಕಂಬಳಿಯನ್ನು ಅಲ್ಲೇ ಬಿಟ್ಟು ಬೀದಿಗೆ ಇಳಿದಳು. ನಾನೂ ಹಿಂದೆ ಓಡಿದೆ. ಬೀದಿಯ ಆಚೆ ಬದಿಗೆ ಹೋಗಿ ನಿಂತು, ಸೊಂಟಕ್ಕೆ ಕೈಯಿಟ್ಟು, ಇಡೀ ಮನೆಯನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. ಮುಂಗಾರಿನ ಆಶ್ಲೇಷ ಮಳೆ ಬರುವುದು ಪಡುವಲ ಗಾಳಿಯಲ್ಲಿ. ಹಿಂಗಾರಿನ ಸ್ವಾತಿ ಬರುವುದು ಮೂಡಲ ಕಡೆಯಿಂದ. ಇದು ನಮ್ಮ ಸೀಮೆಯಲ್ಲಿ ರಾಗಿ ಬಿತ್ತುವ ಎಲ್ಲರಿಗೂ ಗೊತ್ತಿದ್ದ ವಿಷಯ. ಹೊಲದಲ್ಲಿ ನಿಂತಾಗ ನೆನಪಾಗುತ್ತಿತ್ತು, ಮನೆಯೊಳಗೆ ಕೊಳಗ ಇಡುವಾಗ ಯಾರಿಗೂ ನೆನಪಾಗಿರಲಿಲ್ಲ. ಪಡುವಲ ಮಳೆ ಗೋಡೆಯ ಆ ಮುಖಕ್ಕೆ ಬಡಿದರೆ ದೊಡ್ಡಪ್ಪನ ಮನೆ ಸೋರುತ್ತದೆ, ಮೂಡಲ ಮಳೆ ಈ ಮುಖಕ್ಕೆ ಬಡಿದರೆ ನಮ್ಮದು. ನೀರು ಬರಿ ಮಣ್ಣಿನ ಗೋಡೆಯ ಮೇಲೆ ಜಾರಿ, ಗೋಡೆಗೂ ಹೆಂಚಿಗೂ ನಡುವಿನ ಸಂದಿಯಲ್ಲಿ ಇಳಿದು, ಒಳಗೆ ಬರುತ್ತಿತ್ತು. ನಮಗೆ ಆಮೇಲೆ ತಿಳಿದದ್ದೇನೆಂದರೆ, ಮುಂಗಾರಿನಲ್ಲಿ ದೊಡ್ಡಪ್ಪನೂ ತನ್ನ ಒಲೆಯ ಮುಂದೆ ಕೂತು, ತಮ್ಮನೇ ಗಳ ಹಿಡಿದು ಹೆಂಚು ಸರಿಸುತ್ತಾನೆಂದು ಶಾಪ ಹಾಕುತ್ತಿದ್ದನಂತೆ. ನಾಲ್ಕು ವರ್ಷ ಇಬ್ಬರೂ ಒಂದೇ ಸುಳ್ಳನ್ನು ಬೇರೆ ಬೇರೆ ಮಳೆಯಲ್ಲಿ ನಂಬಿದ್ದರು.

ಅಮ್ಮ ಅಪ್ಪನಿಗೆ ಹೇಳಿದಳು. ಅಪ್ಪ ನಕ್ಕ. ಹೆಂಚು ನೋಡಲು ಬಂದಿದ್ದ ಮುನಿಯಪ್ಪ ಇನ್ನೂ ಜೋರಾಗಿ ನಕ್ಕ.

"ಮಳೆ ಹೆಸರು ಕೇಳ್ಕೊಂಡು ಮನೆ ಸೋರುತ್ತಾ ತಾಯಿ? ಮೂವತ್ತು ವರ್ಷದಿಂದ ಹತ್ತಿಳಿದೀನಿ ನಾನು."

"ಹತ್ತು ಬಿಂದಿಗೆ ನೀರು ಕೊಡ್ತೀನಿ. ನೋಡೇಬಿಡಾಣ," ಅಂದಳು ಅಮ್ಮ. "ಮೊದ್ಲು ಬರೀ ಹೆಂಚಿನ ಮೇಲೆ ಹುಯ್ಯೋದು, ಆಮೇಲೆ ಗೋಡೆ ಮೇಲೆ. ಹೆಂಚಿಗೆ ಸೋರಿದ್ರೆ ನಾನು ಇನ್ನು ಈ ಮನೆ ವಿಚಾರಕ್ಕೆ ಬಾಯಿ ಬಿಡಲ್ಲ, ಹೊಲಕ್ಕೆ ಬರ್ತೀನಿ."

ಮುನಿಯಪ್ಪ ಪಂಚೆ ಎತ್ತಿ ಕಟ್ಟಿದ. ಅಮ್ಮ ಅವನನ್ನು ತಡೆದಳು.

"ನೀನು ಬೇಡಪ್ಪ, ನೀನು ಹತ್ತಿದ್ರೆ ಐದು ಹೆಂಚು ಹೋಗ್ತವೆ. ನನ್ ಮಗಳು ಹತ್ತುತ್ತಾಳೆ."

ನಮ್ಮೂರಲ್ಲಿ ಹೆಣ್ಣುಮಕ್ಕಳು ಮನೆಯ ಮೇಲೆ ಹತ್ತುತ್ತಿರಲಿಲ್ಲ. ಒಳಗೆ ದೇವರ ಗೂಡಿದೆ, ಅದರ ನೆತ್ತಿಯ ಮೇಲೆ ಓಡಾಡುವುದೇ ಎಂದು ಅಜ್ಜಿ ಗೊಣಗಿದಳು, ಆಮೇಲೆ ಅವಳೇ ಏಣಿ ಹಿಡಿದುಕೊಂಡಳು. ಹೆಂಚಿನ ಮೇಲೆ ಹೇಗೆ ಕಾಲಿಡಬೇಕೆಂದು ಮುನಿಯಪ್ಪ ಕೆಳಗಿನಿಂದ ಕೂಗಿ ಹೇಳಿದ. ಹೆಂಚಿನ ನಡುವಿಗೆ ಇಡಬಾರದು, ಒಂದರ ಮೇಲೊಂದು ಕೂರುವ ಕಡೆ, ಕೆಳಗೆ ಮರದ ಪಟ್ಟಿ ಇರುವಲ್ಲಿ ಇಡಬೇಕು, ಚಪ್ಪಲಿ ಹಾಕಬಾರದು. ಆ ಪಾಠ ಇವತ್ತಿಗೂ ನನ್ನ ಅಂಗಾಲಿನಲ್ಲಿದೆ. ಅಪ್ಪ ಬಿಂದಿಗೆ ಏರಿಸಿಕೊಟ್ಟ, ನಾನು ಸೂರಂಚಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹುಯ್ಯುತ್ತಾ ಹೋದೆ. ಒಳಗೆ ಅಮ್ಮ ಮುಖ ಮೇಲೆ ಮಾಡಿ ನಿಂತಿದ್ದಳು. ಆರು ಬಿಂದಿಗೆ ಮುಗಿಯಿತು.

"ಇಲ್ಲ," ಎಂದು ಅಮ್ಮ ಒಳಗಿಂದ ಕೂಗಿದಳು. "ಒಣಗೈತೆ. ಈಗ ಗೋಡೆ ನೆತ್ತಿಗೆ ಹುಯ್ಯೇ."

ಗೋಡೆಯ ತಲೆಯ ಮೇಲೆ ಏಳನೆಯ ಬಿಂದಿಗೆ ಸುರಿದೆ. ಒಣ ಮಣ್ಣು ಅದನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟಿತು. ಎಂಟನೆಯದನ್ನು ಸುರಿದಾಗ ಕೆಳಗೆ ಹಿತ್ತಾಳೆ ಕೊಳಗ ಟಣ್ ಎಂದಿತು. ಆ ಸದ್ದು ಕೇಳಿ ನನಗೆ ಅಲ್ಲೇ ಕುಣಿಯಬೇಕೆನಿಸಿತು. ಜೀವಮಾನದಲ್ಲಿ ಮನೆ ಸೋರಿದ್ದಕ್ಕೆ ಸಂತೋಷಪಟ್ಟದ್ದು ಅದೊಂದೇ ಸಲ. ಅಷ್ಟರಲ್ಲಿ ಗೋಡೆಯ ಆಚೆಯಿಂದ ದೊಡ್ಡಮ್ಮನ ಕೂಗು ಎದ್ದಿತು.

"ಅಯ್ಯೋ, ಮೋಡಾನೇ ಇಲ್ಲ, ನಮ್ಮನೇಲಿ ಸೋರ್ತಾ ಐತಲ್ಲಪ್ಪ!"

ದೊಡ್ಡಪ್ಪ ಬೀದಿಗೆ ಹಾರಿ ಬಂದ. ಮೇಲೆ ಬಿಂದಿಗೆ ಹಿಡಿದು ನಿಂತ ನನ್ನನ್ನು ನೋಡಿ, ಕೆಳಗೆ ನಿಂತ ತಮ್ಮನನ್ನು ನೋಡಿ, ಮಾತು ಬಿಟ್ಟಿದ್ದು ನೆನಪಾಗಿ ಬಾಯಿ ತೆರೆದುಕೊಂಡೇ ನಿಂತ. ಅಮ್ಮ ಭಾವನ ಎದುರು ನೇರವಾಗಿ ಮಾತಾಡುತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಏಣಿ ಹಿಡಿದಿದ್ದ ಅಜ್ಜಿಯ ಕಡೆ ತಿರುಗಿದಳು.

"ಅತ್ತೆ, ಭಾವ್ನೋರಿಗೆ ಹೇಳಿ. ಹೆಂಚು ಯಾರೂ ಸರಿಸಿಲ್ಲ. ಆಶ್ಲೇಷದಲ್ಲಿ ಅವರಿಗೆ ಸೋರೋದೂ ಈ ಗೋಡೆಯಿಂದಾನೇ, ಸ್ವಾತೀಲಿ ನಮಗೆ ಸೋರೋದೂ ಈ ಗೋಡೆಯಿಂದಾನೇ."

"ಅವ್ವ, ಅವಳಿಗ್ಯಾರು ಹೇಳಿದ್ದು ಆಶ್ಲೇಷದಲ್ಲಿ ನಮ್ಮನೆ ಸೋರುತ್ತೆ ಅಂತ?" ದೊಡ್ಡಪ್ಪ ಕೇಳಿದ.

ಅಜ್ಜಿ ಆಕಾಶ ನೋಡಿದಳು. "ಏಣಿ ಜಾರ್ತಾ ಐತೆ, ಹಿಡ್ಕೊಳ್ರೋ ಯಾರಾದ್ರೂ," ಅಂದಳು.

ಈಗ, ಇಷ್ಟು ವರ್ಷಗಳ ಮೇಲೆ, ನಾನು ದೇವನಹಳ್ಳಿ, ಹೊಸಕೋಟೆ ಸುತ್ತಿನ ಲೇಔಟುಗಳಲ್ಲಿ ಸೋರುವ ಮನೆ ನೋಡಲು ಹೋಗುತ್ತೇನೆ. ನಾಲ್ಕು ಜನರ ತಂಡ, ಒಂದು ಹಳೇ ಗಾಡಿ, ಇದೇ ನನ್ನ ಕಸುಬು. ಮನೆಯವರು ಒಳಗೆ ಕರೆದು ಸೀಲಿಂಗಿನ ಕಲೆ ತೋರಿಸಿ, "ಇಲ್ಲೇ ಮೇಡಂ, ಇದರ ಮೇಲೇ ಕೆಮಿಕಲ್ ಹೊಡ್ದುಬಿಡಿ" ಅನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ, ನುಂಗಿಕೊಳ್ಳುತ್ತೇನೆ. ನೀರು ಒಂದು ಕಡೆ ಒಳಗೆ ಬಂದು, ಇನ್ನೆಲ್ಲೋ ನಡೆದು ಹೋಗಿ, ತನಗೆ ಬೇಕಾದ ಕಡೆ ತೊಟ್ಟಿಕ್ಕುತ್ತದೆ. ಕಲೆಯ ಮೇಲೆ ಬಳಿದ ಬಣ್ಣ ಅದಕ್ಕೆ ಯಾವ ಲೆಕ್ಕ? ಮೊದಲು ತಾರಸಿಯ ಸುತ್ತಿನ ಮೋಟುಗೋಡೆಯ ತಲೆ ನೋಡಿ ಅನ್ನುತ್ತೇನೆ. ಅದು ತಾರಸಿ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆಯೇ ನೋಡಿ. ಮಳೆನೀರು ಹೋಗುವ ಪೈಪಿನ ಬಾಯಲ್ಲಿ ಎಲೆ ಕೂತಿದ್ದರೆ ಮೊದಲು ಅದನ್ನು ತೆಗೆಯಿರಿ, ಎಷ್ಟೋ ಮನೆಗಳ ರೋಗ ಅಷ್ಟಕ್ಕೇ ವಾಸಿಯಾಗಿದೆ. ಅನುಮಾನವಿದ್ದರೆ ಒಂದೊಂದೇ ಭಾಗಕ್ಕೆ ನೀರು ಬಿಟ್ಟು, ಕೆಳಗಿನಿಂದ ಮೇಲಕ್ಕೆ, ತಾಳ್ಮೆಯಿಂದ ನೋಡಬೇಕು. ಒಡೆಯುವುದು ಕೊನೆಯ ಕೆಲಸ. ನಾನು ಇಂಜಿನಿಯರಿಂಗ್ ಓದಿದವಳಲ್ಲ. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ನಾನು ಓದಿದ್ದು ಆ ಎಂಟು ಬಿಂದಿಗೆ ನೀರಿನಲ್ಲಿ.

ಆವತ್ತು ರೋಗ ಗೊತ್ತಾಯಿತು, ಮದ್ದು ಹಾಕುವುದು ಇನ್ನೂ ಕಷ್ಟವಿತ್ತು. ಗೋಡೆ ಇಬ್ಬರದಾದ್ದರಿಂದ ಎರಡೂ ಮುಖಕ್ಕೆ ಒಟ್ಟಿಗೇ ಕೆಲಸ ಆಗಬೇಕು. ಏನು ಮಾಡಬೇಕೆಂದು ಅಮ್ಮ ಅಜ್ಜಿಯ ಮುಖಾಂತರ ದೊಡ್ಡಪ್ಪನಿಗೆ ಹೇಳಿ ಕಳಿಸಿದಳು, ಅವನೂ ಅಜ್ಜಿಯ ಮುಖಾಂತರವೇ ಒಪ್ಪಿಗೆ ಕಳಿಸಿದ. ಹುಲ್ಲಿನ ಮೆದೆ ಒಟ್ಟುವಾಗ ಮೇಲಿನ ಸಿವುಡು ಕೆಳಗಿನದರ ಮೇಲೆ ಬರುವಂತೆ ಹೊದಿಸುತ್ತೇವಲ್ಲ, ಹಾಗೆ ಗೋಡೆಗೂ ಒಂದು ಸೆರಗು ಬೇಕು ಎಂದಳು. ಮುನಿಯಪ್ಪನಿಗೆ ಅಷ್ಟು ಹೇಳಿದ್ದೇ ಸಾಕಾಯಿತು. ಎಣ್ಣೆ ಡಬ್ಬಗಳನ್ನು ಬಿಚ್ಚಿ ತಗಡು ಮಾಡಿದ. ಹೆಂಚಿನ ಮೇಲೆ ಏಣಿ ಮಲಗಿಸಿ, ಅದರ ಮೇಲೆ ಕೂತು ಗೋಡೆಯಲ್ಲಿ ಉದ್ದಕ್ಕೆ ಸೀಳು ಕೊರೆದು, ತಗಡಿನ ಮೇಲಂಚನ್ನು ಅದರೊಳಗೆ ತೂರಿಸಿ ಗಾರೆ ಮೆತ್ತಿ, ಕೆಳಗಂಚನ್ನು ಹೆಂಚಿನ ಮೇಲಕ್ಕೆ ಮಡಿಸಿದ. ಎರಡೂ ಮುಖಕ್ಕೆ ಗಾರೆ ಬಳಿದದ್ದಾಯಿತು. ಉಳಿದದ್ದು ಗೋಡೆಯ ತಲೆಗೆ ಕಲ್ಲಿನ ಚಪ್ಪಡಿ ಹೊದಿಸುವುದು. ಚಪ್ಪಡಿ ಗೋಡೆಗಿಂತ ಎರಡೂ ಕಡೆ ನಾಲ್ಕು ಬೆರಳು ಹೊರಗೆ ಚಾಚಿರಬೇಕು, ಆ ಕಡೆ ಒಬ್ಬ, ಈ ಕಡೆ ಒಬ್ಬ ಹಿಡಿಯದೆ ಅದು ಕೂರುವುದಿಲ್ಲ. ಮುನಿಯಪ್ಪ ಕಲ್ಲು ಹೊತ್ತು ಮೇಲೇರಿದರೆ ಹೊಸ ತಗಡು ಸಮೇತ ಕೆಳಗೆ ಬರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಈ ಕಡೆಯ ಏಣಿ ಹತ್ತಿ ಅಪ್ಪ, ಆ ಕಡೆಯ ಏಣಿ ಹತ್ತಿ ದೊಡ್ಡಪ್ಪ, ನಾಲ್ಕು ವರ್ಷದ ಮೇಲೆ ಎದುರುಬದುರಾದರು. ಇಬ್ಬರ ಕೈಯಲ್ಲೂ ಒಂದೇ ಕಲ್ಲು.

"ಎತ್ತು," ಅಂದ ದೊಡ್ಡಪ್ಪ, ಕಲ್ಲಿಗೆ ಹೇಳಿದ ಹಾಗೆ.

"ಎತ್ತಿದೀನಿ," ಅಂದ ಅಪ್ಪ, ಅವನೂ ಕಲ್ಲಿಗೇ.

"ನಿನ್ ಕಡೆ ಒಂದು ಬೆರಳು ಎಳ್ಕೊ."

"ಎಳ್ಕೊಂಡ್ರೆ ನೀರೆಲ್ಲ ನನ್ ಕಡೆ ಬರುತ್ತೆ. ಜಾಣ ನೀನು."

ಜಗಳ ಮತ್ತೆ ಹೊತ್ತಿಕೊಂಡಿತು. ಚಪ್ಪಡಿಯ ಜಾರು ಯಾರ ಕಡೆಗೆ? ಇಬ್ಬರಿಗೂ ಬೇಡ. ಏಣಿಯ ಮೇಲೆ ನಿಂತೇ, ಕಲ್ಲು ಹಿಡಿದುಕೊಂಡೇ, ಭಾಗದ ಹಳೇ ಕಥೆಯನ್ನೆಲ್ಲ ಎತ್ತಿ ಆಡಿದರು. ಕೊನೆಗೆ ಅಮ್ಮ ಅಜ್ಜಿಯನ್ನು ಬಿಟ್ಟು ನೇರವಾಗಿ ಮೇಲೆ ನೋಡಿ ಗದರಿದಳು.

"ಕಲ್ಲು ಮಟ್ಟಸವಾಗಿ ಕೂರ್ಸಿ. ಮೇಲೆ ಗಾರೇಲಿ ಆಮೆ ಬೆನ್ನು ಥರ ಮಾಡ್ಸಿ. ಅರ್ಧ ನೀರು ಆ ಕಡೆ, ಅರ್ಧ ಈ ಕಡೆ. ಎಲ್ಲಾನೂ ಭಾಗ ಮಾಡ್ಕೊಂಡಿದೀರಲ್ಲ, ಇದೊಂದು ಯಾಕೆ ಉಳೀಬೇಕು?"

ದೊಡ್ಡಪ್ಪ ಕೆಳಗೆ ನೋಡಿದ. ತಮ್ಮನ ಹೆಂಡತಿ ತನ್ನ ಮುಖಕ್ಕೆ ಮಾತಾಡಿದ್ದು ಅದೇ ಮೊದಲು. ಕಲ್ಲನ್ನು ಮಟ್ಟಸವಾಗಿ ಕೂರಿಸಿದ. ಸಂಜೆಯ ಹೊತ್ತಿಗೆ ಹದಿನಾಲ್ಕು ಚಪ್ಪಡಿಗಳು ಕೂತವು. ಊರಿನವರು ಎದುರುಮನೆಯ ಜಗುಲಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಾ, ಹೆಂಗಸಿನ ಮಾತು ಕೇಳಿ ಮನೆ ನೆತ್ತಿಗೆ ಕಲ್ಲು ಹೊರಿಸಿದರೆಂದು ನಗಾಡಿದರು. ಸ್ವಾತಿಗೆ ನೋಡೋಣ ಬಿಡಿ ಅಂದರು. ಅಪ್ಪನೂ ಹಿತ್ತಲಿನ ಕಂಬಗಳನ್ನು ಮಾರಲಿಲ್ಲ, ಮಳೆ ಬರಲಿ ಅಂದ.

ಹಸ್ತ ಹನಿಯಿಲ್ಲದೆ ಹೋಯಿತು, ಚಿತ್ತೆ ಎರಡು ತುಂತುರು ಹಾಕಿ ಹೋಯಿತು. ದೀಪಾವಳಿ ಅಮಾವಾಸ್ಯೆ ಕಳೆದು ಅಜ್ಜಿ ನಮ್ಮ ಕಡೆ ಬಂದ ಮೂರನೆಯ ದಿನ, ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಮೂಡಲ ದಿಕ್ಕು ಕಪ್ಪಾಗಿತ್ತು. ನಾನು ಮನೆ ಸೇರಿದ್ದೂ ಮಳೆ ಶುರುವಾಗಿದ್ದೂ ಒಟ್ಟಿಗೆ. ಗಾಳಿ ಎಂಥದ್ದೆಂದರೆ ಮಳೆ ಮೇಲಿಂದ ಬೀಳದೆ ಅಡ್ಡಡ್ಡಲಾಗಿ ಹೊಡೆಯುತ್ತಿತ್ತು. ನಾನು ಅಭ್ಯಾಸಬಲದಿಂದ ಕೊಳಗಕ್ಕೆ ಕೈಹಾಕಿದೆ. ಅಮ್ಮ ಬೇಡ ಅಂದಳು. ನಾಲ್ವರೂ ವಾಡೆಯ ಪಕ್ಕ ನೆಲದ ಮೇಲೆ ಕೂತು ಕತ್ತು ಎತ್ತಿ ನೋಡಿದೆವು. ಅಪ್ಪ ತುಟಿ ಕಚ್ಚಿಕೊಂಡಿದ್ದ. ಹೆಂಚಿನ ಮೇಲೆ ಮಳೆಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ನನಗಂತೂ ಉಸಿರಾಡಲೂ ಭಯ, ಎಲ್ಲಿ ಅಷ್ಟಕ್ಕೇ ಒಂದು ಹನಿ ಬಿದ್ದುಬಿಡುತ್ತದೋ ಎಂದು. ಅರ್ಧ ಗಂಟೆ ಹೊಡೆಯಿತು. ಅಮ್ಮ ಎದ್ದು ಗೋಡೆಯ ಮೇಲೆ ಅಂಗೈಯಿಟ್ಟಳು, ಮೇಲಿನಿಂದ ಕೆಳಗಿನವರೆಗೆ ಸವರಿದಳು, ಅಂಗೈಯನ್ನು ಅಪ್ಪನ ಮುಂದೆ ಹಿಡಿದಳು. ಸುಣ್ಣದ ಪುಡಿ ಬಿಟ್ಟರೆ ಏನೂ ಇರಲಿಲ್ಲ.

ಅಪ್ಪ ಆ ಕೈಯನ್ನು ನೋಡಿದ, ಮುಟ್ಟಿಯೂ ನೋಡಿದ. ಆಮೇಲೆ ಏನನ್ನಿಸಿತೋ, ತಟ್ಟನೆ ಎದ್ದು ಬಾಗಿಲು ದಾಟಿ ಸುರಿಯುವ ಮಳೆಯಲ್ಲೇ ಬೀದಿಗೆ ಇಳಿದ. ನಮ್ಮಲ್ಲಿ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮನೆಯೊಳಗೆ ಲೇ, ಇವಳೇ. ಹೊರಗೆ ನಮ್ಮ ರತ್ನಿ ಅಮ್ಮ. ಆವತ್ತಿನವರೆಗೆ ಅಪ್ಪನ ಬಾಯಲ್ಲಿ ಅಮ್ಮನ ಹೆಸರು ನಾನು ಕೇಳಿರಲಿಲ್ಲ. ಅವನು ಬೀದಿಯ ನಡುವೆ ನಿಂತು ಎದುರು ಜಗುಲಿಯ ಕಡೆಗೂ, ಅಣ್ಣನ ಬಾಗಿಲ ಕಡೆಗೂ, ಇಡೀ ಊರಿಗೂ ಕೇಳುವಂತೆ ಕೂಗಿದ.

"ಸೋರ್ಲಿಲ್ಲ ಕಣ್ರಯ್ಯಾ! ನಮ್ ಜಯಮ್ಮ ಹೇಳಿದ್ದೇ ಸರಿ! ಒಂದು ಹನಿ ಇಲ್ಲ, ಬಂದು ನೋಡ್ರೋ! ನಮ್ ಜಯಮ್ಮ ಹಿಡಿದಿದ್ದು ಇದು!"

ದೊಡ್ಡಪ್ಪ ಬಾಗಿಲಿಗೆ ಬಂದ, ಜಗುಲಿಯವರು ಎದ್ದು ನಿಂತರು. ಅಪ್ಪ ತೊಯ್ದು ತೊಪ್ಪೆಯಾಗಿ ಇನ್ನೂ ಕೂಗುತ್ತಲೇ ಇದ್ದ. ಅಮ್ಮ ಹೊಸ್ತಿಲಲ್ಲಿ ನಿಂತು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ಸೆರಗಿನಿಂದ ಅದನ್ನು ಒರೆಸಿಕೊಂಡು ಕರೆದಳು.

"ಸಾಕು, ಒಳಕ್ ಬನ್ನಿ. ಇಲ್ಲಿ ಮಳೆ ಇಲ್ಲ."